ಗೊಂಕರು ಕಪ್ಪೆಯ ಬದುಕು

(ಕಲಿಕಾ ಕೇಂದ್ರದಲ್ಲಿ ಒಂದು ಮಳೆಗಾಲದ ಸಂಜೆ ಆಡಿದ ಮಾತು)



ಇವತ್ತು ಸ್ಲೇಟು ಬಳಪ ಪಕ್ಕಕ್ಕಿಡಿ. ಸ್ವಲ್ಪ ಹೊತ್ತು ಸುಮ್ಮನೆ ಕಿವಿಗೊಟ್ಟು ಕೇಳಿ. ಹೊರಗೆ ಗದ್ದೆ ಕಡೆಯಿಂದ ಸದ್ದು ಬರ್ತಾ ಇದೆ, ಅಲ್ವಾ? ನಿನ್ನೆ ರಾತ್ರಿ ಜೋರು ಮಳೆ ಬಂತು. ಇವತ್ತು ಸಂಜೆಯಿಂದಲೇ ಕಪ್ಪೆಗಳ ಕೂಗು ಶುರುವಾಗಿದೆ.

ಹೆಂಗಸರು ನಾಲ್ಕು ಜನ ಒಂದು ಕಡೆ ಕೂತರೆ ಸಾಕು, "ಕಪ್ಪೆಗಳ ಹಾಗೆ ವಟಗುಟ್ಟುತ್ತಾರೆ" ಅಂತ ಹಂಗಿಸುವವರು ಇದ್ದಾರೆ. ಆದರೆ ನಿಜ ಏನು ಗೊತ್ತಾ? ಹೀಗೆ ಊರಿಗೆಲ್ಲ ಕೇಳುವ ಹಾಗೆ ಕೂಗುವುದು ಹೆಣ್ಣು ಕಪ್ಪೆ ಅಲ್ಲ. ಗಂಡು ಕಪ್ಪೆ! ಇನ್ನು ಮೇಲೆ ಯಾರಾದರೂ ಹಂಗಿಸಿದರೆ ಈ ಮಾತು ಹೇಳಿ.

ಇವತ್ತು ನಾನು ಹೇಳುವುದು ನಮ್ಮ ಗದ್ದೆಯ ದೊಡ್ಡ ಕಪ್ಪೆಯ ವಿಷಯ. ನಮ್ಮ ಕಡೆ ಇದಕ್ಕೆ ಗೊಂಕರು ಕಪ್ಪೆ ಅಂತಾರೆ. ಊರು ಬದಲಾದರೆ ಹೆಸರೂ ಬದಲು.

ನೋಡಲು ಹೇಗಿದೆ?

ನಮ್ಮ ದೇಶದ ಕಪ್ಪೆಗಳಲ್ಲಿ ಇದೇ ಬಲು ದೊಡ್ಡದು. ಚೆನ್ನಾಗಿ ಬೆಳೆದರೆ 15, 16 ಸೆಂಟಿಮೀಟರ್ ಆಗುತ್ತದೆ. ಅಂದರೆ ಹೆಚ್ಚು ಕಡಿಮೆ ಮುಕ್ಕಾಲು ಗೇಣು. ಮೈ ಬಣ್ಣ ಪಾಚಿಯ ಹಾಗೆ ಹಸಿರು, ಇಲ್ಲವೇ ಕಂದು. ಮೈಮೇಲೆ ಕಪ್ಪು ಕಪ್ಪು ಮಚ್ಚೆ. ತುಂಬಾ ಕಪ್ಪೆಗಳಿಗೆ ಬೆನ್ನಿನ ನಡುವೆ ಮೂತಿಯಿಂದ ಹಿಂದಿನವರೆಗೆ ಒಂದು ಹಳದಿ ಗೆರೆ ಇರುತ್ತದೆ. ಹೊಟ್ಟೆ ಬಿಳಿ. ಹಿಂದಿನ ಕಾಲುಗಳ ಬೆರಳುಗಳ ನಡುವೆ ತೆಳುವಾದ ಚರ್ಮ ಇದೆ. ಬಾತುಕೋಳಿಯ ಕಾಲಿನ ಹಾಗೆ. ಅದರಿಂದಲೇ ಚೆನ್ನಾಗಿ ಈಜುತ್ತದೆ.

ಈ ಮಚ್ಚೆ ಬರೀ ಅಂದಕ್ಕಲ್ಲ. ಕೆಸರು, ಪಾಚಿ, ಹುಲ್ಲಿನ ನಡುವೆ ಕೂತರೆ ನಮಗೆ ಕಾಣುವುದೇ ಇಲ್ಲ. ಕಾಲಿಟ್ಟಾಗ ಪುಳಕ್ ಅಂತ ಹಾರುತ್ತದೆ. ನಾವು "ಅಯ್ಯೋ" ಅಂತ ಕಿರುಚುತ್ತೇವೆ. ಕೊಕ್ಕರೆ, ಹಾವು, ಹದ್ದುಗಳ ಕಣ್ಣಿಗೂ ಅದು ಹೀಗೇ ಮರೆಯಾಗುತ್ತದೆ.

ಕಪ್ಪೆಯ ಚರ್ಮ ಬಹಳ ತೆಳು. ಅದು ಬಾಯಿಯಿಂದ ನೀರು ಕುಡಿಯುವುದಿಲ್ಲ. ಚರ್ಮದ ಮೂಲಕವೇ ನೀರನ್ನು ಹೀರಿಕೊಳ್ಳುತ್ತದೆ. ಮೂಗಿನಿಂದ ಉಸಿರಾಡುವುದರ ಜೊತೆಗೆ ಚರ್ಮದಿಂದಲೂ ಉಸಿರಾಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮಳೆಯಲ್ಲಿ ಮದುವೆ

ಬೇಸಿಗೆಯಲ್ಲಿ ಗೊಂಕರು ಕಪ್ಪೆ ಎಲ್ಲಿರುತ್ತದೆ? ಕೆರೆ ಒಣಗಿದಾಗ ಅದು ಮಣ್ಣಿನೊಳಗೆ, ಬಿಲದೊಳಗೆ ಸೇರಿಕೊಳ್ಳುತ್ತದೆ. ಅಲ್ಲಾಡದೆ ಮಲಗಿರುತ್ತದೆ. ಊಟ ಇಲ್ಲ, ಓಡಾಟ ಇಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಜೀವ ಹಿಡಿದಿರುತ್ತದೆ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಕೂಡಲೇ ಹೊರಗೆ ಬರುತ್ತದೆ. ಆಗ ಗಂಡು ಕಪ್ಪೆಯನ್ನು ನೋಡಬೇಕು! ಮೈಯೆಲ್ಲ ಅರಿಶಿನ ಹಚ್ಚಿದ ಮದುಮಗನ ಹಾಗೆ ಹಳದಿ ಆಗುತ್ತದೆ. ಗಂಟಲಿನ ಎರಡು ಕಡೆ ನೀಲಿ ಚೀಲಗಳು ಬಲೂನಿನ ಹಾಗೆ ಉಬ್ಬುತ್ತವೆ. ಆ ಚೀಲಗಳಿಂದಲೇ ಇಷ್ಟು ಜೋರು ಸದ್ದು. "ನಾನಿಲ್ಲಿದ್ದೀನಿ ಬಾ" ಅಂತ ಹೆಣ್ಣನ್ನು ಕರೆಯುವ ಕೂಗು ಅದು. ಒಂದು ಗುಂಡಿಯ ಸುತ್ತ ಹತ್ತಾರು ಗಂಡು ಸೇರಿ ಕೂಗುತ್ತವೆ, ಒಂದನ್ನೊಂದು ತಳ್ಳಾಡುತ್ತವೆ. ಮದುವೆ ಕಾಲ ಮುಗಿದ ಮೇಲೆ ಹಳದಿ ಬಣ್ಣ ಹೋಗಿ ಮತ್ತೆ ಹಳೆಯ ಬಣ್ಣ ಬರುತ್ತದೆ.

ಹೆಣ್ಣು ಬಂದಾಗ ಗಂಡು ಅದರ ಬೆನ್ನೇರಿ ಅಪ್ಪಿ ಹಿಡಿಯುತ್ತದೆ. ಹೆಣ್ಣು ನೀರಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಚಿಪ್ಪಿಲ್ಲ. ಲೋಳೆಯೊಳಗೆ ಕರಿ ಸಾಸಿವೆ ಕಾಳಿನ ಹಾಗೆ ಕಾಣುತ್ತದೆ.

ಮೊಟ್ಟೆ ಇಡಲು ದೊಡ್ಡ ಕೆರೆಗಿಂತ ಮಳೆಗೆ ನಿಂತ ಹೊಸ ನೀರೇ ಅದಕ್ಕೆ ಇಷ್ಟ. ಯಾಕೆ ಹೇಳಿ? ಕೆರೆಯಲ್ಲಿ ಮೀನು ಇರುತ್ತದೆ. ಮೀನು ಮೊಟ್ಟೆ ತಿಂದು ಮುಗಿಸುತ್ತದೆ. ಹೊಸ ಗುಂಡಿಯಲ್ಲಿ ಮೀನಿನ ಕಾಟ ಇಲ್ಲ. ಆದರೆ ಇನ್ನೊಂದು ಭಯ ಇದೆ. ಮಳೆ ಕೈಕೊಟ್ಟರೆ ಗುಂಡಿ ಒಣಗುತ್ತದೆ. ಮರಿಗಳೆಲ್ಲ ಸಾಯುತ್ತವೆ. ಮಳೆ ನಂಬಿ ಬೀಜ ಹಾಕುವ ನಮ್ಮ ಹಾಗೆಯೇ ಅದರ ಬದುಕೂ.

ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಗೊದಮೊಟ್ಟೆ ಹೊರಗೆ ಬರುತ್ತದೆ. ಅದಕ್ಕೆ ಬಾಲ ಇದೆ, ಕಾಲಿಲ್ಲ. ಮೀನಿನ ಹಾಗೆ ಕಿವಿರಿನಿಂದ ಉಸಿರಾಡುತ್ತದೆ. ಬೇರೆ ಎಷ್ಟೋ ಕಪ್ಪೆಗಳ ಮರಿಗಳು ಪಾಚಿ ತಿಂದು ಬೆಳೆಯುತ್ತವೆ. ಗೊಂಕರು ಕಪ್ಪೆಯ ಮರಿ ಬೇಟೆಗಾರ. ಸೊಳ್ಳೆ ಮರಿ ತಿನ್ನುತ್ತದೆ. ಬೇರೆ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಹಸಿವು ಹೆಚ್ಚಾದರೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ! ಗುಂಡಿ ಒಣಗುವುದರೊಳಗೆ ದೊಡ್ಡದಾಗಬೇಕಲ್ಲ, ಅದಕ್ಕೇ ಈ ಆತುರ. ಮೊದಲು ಹಿಂದಿನ ಕಾಲು, ಆಮೇಲೆ ಮುಂದಿನ ಕಾಲು ಬರುತ್ತದೆ. ಬಾಲ ಉದುರಿ ಬೀಳುವುದಿಲ್ಲ. ನಿಧಾನವಾಗಿ ಮೈಯೊಳಗೇ ಕರಗುತ್ತದೆ. ಸುಮಾರು ಒಂದೂವರೆ ತಿಂಗಳಲ್ಲಿ ಪುಟ್ಟ ಕಪ್ಪೆಯಾಗಿ ದಡಕ್ಕೆ ಹಾರುತ್ತದೆ.

ಕೂಲಿ ಕೇಳದ ಆಳು

ಹಗಲು ಗೊಂಕರು ಕಪ್ಪೆ ಬದುವಿನ ಸಂದಿಯಲ್ಲಿ ಅಡಗಿರುತ್ತದೆ. ಕತ್ತಲಾದ ಮೇಲೆ ಕೆಲಸಕ್ಕೆ ಇಳಿಯುತ್ತದೆ. ಅದರ ನಾಲಿಗೆ ನಮ್ಮ ಹಾಗೆ ಗಂಟಲ ಕಡೆ ಅಂಟಿಕೊಂಡಿಲ್ಲ. ಮುಂದಿನ ತುದಿಯಲ್ಲಿ ಅಂಟಿಕೊಂಡಿದೆ. ಹಾಗಾಗಿ ನಾಲಿಗೆಯನ್ನು ಹೊರಗೆ ಚಾಟಿ ಬೀಸಿದ ಹಾಗೆ ಬೀಸುತ್ತದೆ. ಹುಳ ಅಂಟಿಕೊಂಡು ಬಾಯೊಳಗೆ ಹೋಗುತ್ತದೆ. ನುಂಗುವಾಗ ಕಣ್ಣು ಮುಚ್ಚುತ್ತದೆ, ನೋಡಿದ್ದೀರಾ? ಕಣ್ಣುಗುಡ್ಡೆ ಒಳಗೆ ಇಳಿದು ತುತ್ತನ್ನು ಗಂಟಲಿಗೆ ತಳ್ಳುತ್ತದೆ.

ಅದು ಹೊಟ್ಟೆಬಾಕ. ಮಿಡತೆ, ಚಿಟ್ಟೆ, ಜೀರುಂಡೆ, ಬದು ತೂತು ಮಾಡುವ ಏಡಿ, ಇಲಿ ಮರಿ, ಕೊನೆಗೆ ಸಣ್ಣ ಹಾವನ್ನೂ ನುಂಗುತ್ತದೆ. ಕಾಂಡಕೊರಕ ಹುಳುವಿನ ಪತಂಗ ರಾತ್ರಿ ಹಾರುತ್ತದೆ. ಅದನ್ನು ಹಿಡಿಯಲು ರಾತ್ರಿ ಗದ್ದೆಯಲ್ಲಿ ಕೂರುವವರು ಯಾರು? ಈ ಕಪ್ಪೆ, ಇದರ ಜೊತೆಗಿರುವ ಸಣ್ಣ ಕಪ್ಪೆಗಳು, ಜೇಡಗಳು. ಇವಕ್ಕೆ ಕೂಲಿ ಕೊಡಬೇಕಿಲ್ಲ.

ಹಾಗಂತ ಇದು ಎಲ್ಲೇ ಇದ್ದರೂ ಒಳ್ಳೆಯದೇ ಅಂತ ಹೇಳಲಾರೆ. ಅಂಡಮಾನ್ ದ್ವೀಪಗಳಲ್ಲಿ ಈ ಕಪ್ಪೆ ಮೊದಲು ಇರಲಿಲ್ಲ. ಮನುಷ್ಯರಿಂದಾಗಿ ಅಲ್ಲಿಗೆ ಸೇರಿತು. ಈಗ ಅಲ್ಲಿ ಮೀನನ್ನೂ ಕೋಳಿ ಮರಿಯನ್ನೂ ತಿಂದು ಕಾಟ ಕೊಡುತ್ತಿದೆ. ಅದರ ಜಾಗ ನಮ್ಮ ಗದ್ದೆ, ನಮ್ಮ ಕೆರೆ. ಇಲ್ಲಿ ಅದನ್ನು ತಿನ್ನುವ ಹಾವು, ಕೊಕ್ಕರೆ ಇವೆ. ಲೆಕ್ಕ ಸರಿಹೋಗುತ್ತದೆ.

ಹಾವು ಅಂದ ಕೂಡಲೇ ಹೋದ ವಾರ ಒಬ್ಬ ಅಕ್ಕ ಕೇಳಿದ್ದು ನೆನಪಾಯಿತು. "ಟೀಚರೇ, ಕಪ್ಪೆ ಇದ್ರೆ ಹಾವು ಬರಲ್ವಾ? ಮನೇಲಿ ಮಗು ಇದೆ" ಅಂದರು. ಅವರ ಭಯ ಸುಳ್ಳಲ್ಲ. ಹಾವು ಕಪ್ಪೆ ತಿನ್ನುತ್ತದೆ, ನಿಜ. ಆದರೆ ಇಲಿಯನ್ನೂ ಹುಡುಕಿಕೊಂಡು ಬರುತ್ತದೆ. ಮನೆ ಹತ್ತಿರದ ಕಸ, ಸೌದೆ ರಾಶಿ, ನೀರು ನಿಂತ ಗುಂಡಿ ತೆಗೆಸಿ. ಕತ್ತಲಲ್ಲಿ ಬ್ಯಾಟರಿ ಹಿಡಿದು ಓಡಾಡಿ. ಗದ್ದೆಯ ಕಪ್ಪೆಯನ್ನು ಕೊಂದರೆ ಮನೆಗೆ ಬರುವ ಹಾವು ನಿಲ್ಲುವುದಿಲ್ಲ. ಕಪ್ಪೆ ಮುಟ್ಟಿದರೆ ನರಹುಲಿ ಆಗುತ್ತದೆ ಅನ್ನುವುದೂ ಸುಳ್ಳು. ನರಹುಲಿ ಬರುವುದು ವೈರಸ್‌ನಿಂದ.

ಕಾಲಿಗೆ ಬಂದ ಕುತ್ತು

ಈ ಕಪ್ಪೆಯ ದಪ್ಪ ಕಾಲೇ ಅದಕ್ಕೆ ಕುತ್ತು ತಂದಿತು. ಹೊರದೇಶದ ಹೋಟೆಲುಗಳಲ್ಲಿ ಕಪ್ಪೆ ಕಾಲಿನ ಅಡುಗೆಗೆ ಬೇಡಿಕೆ ಇತ್ತು. ನಮ್ಮ ದೇಶದಿಂದ ಹಡಗು ಹಡಗು ಕಾಲು ಹೋಯಿತು. 1981ರಲ್ಲಿ ಒಂದೇ ವರ್ಷ 4,000 ಟನ್ನಿಗಿಂತ ಹೆಚ್ಚು. ಬರೀ ಕಾಲಿನ ತೂಕ ಇಷ್ಟು! ಎಷ್ಟು ಕಪ್ಪೆ ಸತ್ತಿರಬೇಕು, ನೀವೇ ಯೋಚಿಸಿ. ರಾತ್ರಿ ದೀಪ ಹಿಡಿದು ಗದ್ದೆಗಳಿಂದ ಹಿಡಿಯುತ್ತಿದ್ದರು. ಹೀಗೇ ಬಿಟ್ಟರೆ ಗದ್ದೆ ಬರಿದಾಗುತ್ತದೆ ಅಂತ ತಿಳಿದವರು ಕೂಗು ಹಾಕಿದರು. 1987ರಲ್ಲಿ ಸರ್ಕಾರ ಕಪ್ಪೆ ಕಾಲಿನ ರಫ್ತನ್ನು ನಿಲ್ಲಿಸಿತು.

ನನ್ನ ಅಮ್ಮನ ಮಾತು

ಈಗ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಆಗ ನಾನು ಏಳನೇ ಕ್ಲಾಸು. ನಾಟಿ ಕಾಲ. ಸಸಿಗೆ ಹುಳ ಬಿದ್ದಿತ್ತು. ಅಪ್ಪ ಅಂಗಡಿಯಿಂದ ಹರಳು ಔಷಧ ತಂದರು. ಅಪ್ಪನಿಗೂ ಓದು ಬರದು, ಅಮ್ಮನಿಗೂ ಬರದು. ಒಂದು ಹಿಡಿ ಹೆಚ್ಚೇ ಇರಲಿ ಅಂತ ಅಪ್ಪ ಬರಿಗೈಯಲ್ಲಿ ಎರಚಿದರು. ಪಕ್ಕದ ಮಡಿಯಲ್ಲಿ ಅಮ್ಮ ಮೊಣಕಾಲಿನವರೆಗೆ ನೀರಲ್ಲಿ ನಿಂತು ನಾಟಿ ಮಾಡುತ್ತಿದ್ದರು. ಒಂದು ಮಡಿಯ ನೀರು ಇನ್ನೊಂದಕ್ಕೆ ಹರಿಯುತ್ತಿತ್ತು.

ಸಂಜೆ ಅಮ್ಮನಿಗೆ ತಲೆ ಸುತ್ತು, ವಾಂತಿ. ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಎರಡು ದಿನ ಇಟ್ಟುಕೊಂಡರು. ದೇವರ ದಯೆ, ಉಳಿದರು.

ಮಾರನೇ ದಿನ ನಾನು ಗದ್ದೆಗೆ ಹೋದೆ. ಬದುವಿನ ಉದ್ದಕ್ಕೂ ಗೊಂಕರು ಕಪ್ಪೆಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಸತ್ತು ಬಿದ್ದಿದ್ದವು. ಗೊದಮೊಟ್ಟೆಗಳು ನೀರಿನ ಮೇಲೆ ತೇಲುತ್ತಿದ್ದವು. ಔಷಧದ ಖಾಲಿ ಪಾಕೀಟು ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಓದಿದೆ. ಕೈಗೆ ಗವಸು ಹಾಕಿ, ನೀರಿಗೆ ಸೇರಿಸಬೇಡಿ, ಮೀನಿಗೆ ವಿಷ ಅಂತ ಕನ್ನಡದಲ್ಲೇ ಬರೆದಿತ್ತು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಆ ಪಾಕೀಟು ನನ್ನ ಕೈಗೆ ಸಿಕ್ಕಿದ್ದು ಒಂದು ದಿನ ತಡವಾಗಿ.

ಅಮ್ಮ ಮನೆಗೆ ಬಂದ ಮೇಲೆ ಕಪ್ಪೆಗಳ ವಿಷಯ ಹೇಳಿದೆ. ಅಮ್ಮ ಸುಮ್ಮನೆ ಕೂತಿದ್ದು ಹೇಳಿದರು, "ನಾನೂ ಅದೂ ಒಂದೇ ನೀರಲ್ಲಿ ನಿಂತಿದ್ವಿ ಮಗಾ."

ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ ಅಂತ ಮೊದಲು ಹೇಳಿದೆನಲ್ಲ. ನೀರಿನಲ್ಲಿ ವಿಷ ಇದ್ದರೆ ಮೊದಲು ಸಾಯುವುದರಲ್ಲಿ ಅದೂ ಒಂದು. ನಮ್ಮ ಚರ್ಮ ಅದಕ್ಕಿಂತ ಗಟ್ಟಿ. ಆದರೂ ಕೆಲವು ವಿಷ ನಮ್ಮ ಚರ್ಮದೊಳಗೂ ಇಳಿಯುತ್ತದೆ. ದಿನವಿಡೀ ನೀರಲ್ಲಿ ನಿಲ್ಲುವವರು ಯಾರು? ನಾವೇ ತಾನೇ?

ನಾವು ಮಾಡಬಹುದಾದದ್ದು

ಔಷಧದ ಪಾಕೀಟು ಮನೆಗೆ ಬಂದರೆ ಮೊದಲು ನೀವು ಓದಿ. ಅದರ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಇದ್ದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ. ಆಮೇಲೆ ನೀಲಿ. ಕೊನೆಗೆ ಹಸಿರು. ಹಸಿರು ಅಂದರೆ ಅಮೃತ ಅಂತ ಅಲ್ಲ. ಅದೂ ವಿಷವೇ. ಔಷಧ ಹಾಕಿದ ಗದ್ದೆಗೆ ಕೂಡಲೇ ಇಳಿಯಬೇಡಿ. ಆ ನೀರು ಹಳ್ಳಕ್ಕೆ, ಕೆರೆಗೆ ಹರಿಯದ ಹಾಗೆ ಕಟ್ಟಿ. ಹುಳ ಕಂಡ ಕೂಡಲೇ ಔಷಧಕ್ಕೆ ಓಡಬೇಡಿ. ಎಷ್ಟು ಹುಳ ಇದೆ, ಕಪ್ಪೆ ಜೇಡ ಎಷ್ಟಿವೆ ಅಂತ ಗದ್ದೆ ಸುತ್ತಿ ನೋಡಿ.

ಮಳೆ ಬರದಿದ್ದಾಗ ನಮ್ಮ ಹಳ್ಳಿಗಳಲ್ಲಿ ಕಪ್ಪೆಗೆ ಮದುವೆ ಮಾಡಿಸುತ್ತೇವೆ. ಅರಿಶಿನ ಕುಂಕುಮ ಹಚ್ಚಿ, ಸೋಬಾನೆ ಹಾಡಿ ಕೆರೆಗೆ ಬಿಡುತ್ತೇವೆ. ಮಳೆಗೆ ಮುಂಚೆ ಮದುವೆ ಮಾಡಿ, ಮಳೆ ಬಂದ ಮೇಲೆ ವಿಷ ಹಾಕಿದರೆ ಅದು ಯಾವ ನ್ಯಾಯ?

ಕೊನೆಗೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ನೋಟುಬುಕ್ಕಿನ ಕೊನೆಯ ಹಾಳೆ ತೆಗೆಯಿರಿ. ಈ ವರ್ಷ ಗೊಂಕರು ಕಪ್ಪೆಯ ಕೂಗು ಮೊದಲು ಕೇಳಿದ ತಾರೀಕು ಬರೆಯಿರಿ. ಎಲ್ಲಿ ಕೇಳಿತು, ಬರೆಯಿರಿ. ಹಳದಿ ಕಪ್ಪೆ ಎಷ್ಟು ಕಂಡವು, ಎಣಿಸಿ ಬರೆಯಿರಿ. ಮುಂದಿನ ವರ್ಷವೂ ಬರೆಯಿರಿ. ಕಪ್ಪೆ ಕಡಿಮೆ ಆಯಿತಾ, ಹೆಚ್ಚಾಯಿತಾ ಅಂತ ಆಗ ನಿಮಗೇ ತಿಳಿಯುತ್ತದೆ. ಬೇರೆಯವರು ಹೇಳುವ ತನಕ ಕಾಯಬೇಕಿಲ್ಲ.

ಸರಿ, ಕತ್ತಲಾಯಿತು. ಹೋಗುವಾಗ ದಾರಿಯಲ್ಲಿ ಕಪ್ಪೆ ಇರುತ್ತದೆ. ಬ್ಯಾಟರಿ ಹಾಕಿ, ನೋಡಿ ಕಾಲಿಡಿ.