ನಲವತ್ತರ ನಂತರದ ಮಂಡಿ



ಎರಡು ದಿನಾಂಕಗಳನ್ನು ನಿಮ್ಮ ಮುಂದಿಟ್ಟು ಮಾತು ಶುರುಮಾಡುತ್ತೇನೆ. 2025ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ನಮ್ಮ ಕೊಡಗಿನ ರೋಹನ್ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು. ಆಗ ಅವರಿಗೆ 45 ವರ್ಷ. ಅದೇ ತಿಂಗಳ 21ರಂದು ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಆಗಬೇಕು ಎಂಬುದು ಅವುಗಳೊಂದಿಗೆ ಬಂದ ಭರವಸೆಗಳಲ್ಲಿ ಒಂದು. ಈ ಎರಡು ಸುದ್ದಿಗಳನ್ನು ಯಾರೂ ಒಟ್ಟಿಗೆ ಓದಿರಲಿಕ್ಕಿಲ್ಲ. ಇವತ್ತಿನ ವಿಚಾರ ಸಂಕಿರಣ ದುಡಿಯುವವರ ಬದುಕಿನ ಎರಡನೆಯ ಅರ್ಧದ ಬಗ್ಗೆ. ಹಾಗಾಗಿ ಇವೆರಡನ್ನೂ ಒಟ್ಟಿಗೆ ಓದುವ ಜಾಗ ಇದೇ ಎಂದುಕೊಂಡಿದ್ದೇನೆ.

ಬಿಡದಿಯಲ್ಲಿ ನಿಂತು ಟೆನಿಸ್ ಆಟಗಾರನ ಮಾತೇಕೆ ಎಂದು ನೀವು ಕೇಳಬಹುದು. ವಯಸ್ಸಿನ ಲೆಕ್ಕ ನೋಡಿ. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್ 4ರಂದು. ಇಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದದ್ದು 1999ರ ಕೊನೆಯಲ್ಲಿ. ಈ ಪ್ರದೇಶ ಬೆಳೆಯತೊಡಗಿದ ಆ ದಿನಗಳಲ್ಲಿ ಐಟಿಐ ಮುಗಿಸಿಕೊಂಡು, ರಾಮನಗರದಿಂದ, ಮಾಗಡಿಯಿಂದ, ಚನ್ನಪಟ್ಟಣದ ಹಳ್ಳಿಗಳಿಂದ ಇಲ್ಲಿಗೆ ಕೆಲಸಕ್ಕೆ ಬಂದ ಹುಡುಗರು ಬೋಪಣ್ಣನವರ ಓರಗೆಯವರು. ಅವರಿಗೂ ಈಗ ನಲವತ್ತೈದರ ಆಸುಪಾಸು. ಅವರ ಮುಂದೆ ಇನ್ನೂ ಹತ್ತು ಹದಿಮೂರು ವರ್ಷದ ಸೇವೆ ಇದೆ, ಮಕ್ಕಳ ಓದು ಇದೆ, ಮನೆಯ ಸಾಲದ ಕಂತು ಇದೆ. ಮಂಡಿ ಮಾತ್ರ ಈಗಾಗಲೇ ಮಾತಾಡತೊಡಗಿದೆ.

ಬೋಪಣ್ಣನವರ ಮಂಡಿ ಅವರ ಮೂವತ್ತರ ಹರೆಯ ಮುಗಿಯುವ ಹೊತ್ತಿಗೇ ಕೈಕೊಟ್ಟಿತ್ತು. ಮಂಡಿಯೊಳಗಿನ ಮೃದ್ವಸ್ಥಿ ಸವೆದುಹೋಗಿ, ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಅಂಗಳಕ್ಕಿಳಿಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮೂಳೆಯ ತುದಿಗೆ ಮೆತ್ತೆಯಂತೆ ಕೂತಿರುವ ಆ ಪದರಕ್ಕೆ ರಕ್ತನಾಳಗಳಿಲ್ಲ. ಒಮ್ಮೆ ಸವೆದರೆ ಚರ್ಮದ ಗಾಯದ ಹಾಗೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಮಾತ್ರೆ ನೋವನ್ನು ಮರೆಸುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಇಷ್ಟಾದ ಮೇಲೆಯೇ ಅವರು ಜಗತ್ತಿನ ನಂಬರ್ ಒನ್ ಆದರು. ಕ್ರೀಡಾ ವರದಿಗಳು ಇದನ್ನು ಪವಾಡ ಎಂದವು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪವಾಡ ಎಂದುಬಿಟ್ಟರೆ ಅದರಿಂದ ನಾವು ಕಲಿಯಲು ಏನೂ ಉಳಿಯುವುದಿಲ್ಲ.

ಅವರ ವೃತ್ತಿಯನ್ನು ಮೊದಲಿಂದ ನೋಡೋಣ. ಕೊಡಗಿನ ಕಾಫಿ ಬೆಳೆಗಾರರ ಮನೆಯ ಹುಡುಗ. ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆದದ್ದು, ಕಾಫಿ ತೋಟದ ದಾರಿಗಳಲ್ಲಿ ಓಡಿದ್ದು, ಬಿರುಕುಬಿಟ್ಟ ಅಂಗಳದಲ್ಲಿ ಆಡಿದ್ದು, ಇವನ್ನೆಲ್ಲ ಅವರು ತಮ್ಮ ವಿದಾಯದ ಮಾತಿನಲ್ಲಿ ನೆನೆದರು. ಸೌದೆ ಒಡೆಯುವವನನ್ನು ಗಮನಿಸಿ ನೋಡಿ. ಕಾಲು ಅಗಲಿಸಿ ನೆಲಕ್ಕೆ ಊರುತ್ತಾನೆ, ಮಂಡಿ ಕೊಂಚ ಮಡಿಯುತ್ತದೆ, ಸೊಂಟ ತಿರುಗುತ್ತದೆ, ಕೊಡಲಿ ತಲೆಯ ಮೇಲೆ ಹೋಗುತ್ತದೆ, ಇಡೀ ಮೈಯ ಭಾರ ಒಂದು ಗೆರೆಯ ಮೇಲೆ ಇಳಿಯುತ್ತದೆ. ಟೆನಿಸ್ ಸರ್ವ್‌ನ ಬಲವೂ ಹೀಗೆಯೇ ನೆಲದಿಂದ ಹುಟ್ಟಿ ಕಾಲು, ಸೊಂಟ, ಹೆಗಲು ದಾಟಿ ಕೈಗೆ ಬರುತ್ತದೆ. ಬೋಪಣ್ಣನವರನ್ನು ಕೊನೆಯವರೆಗೂ ಕಾಪಾಡಿದ್ದು ಆ ಸರ್ವ್. ದುಡಿಮೆಯ ಚಲನೆ ಮೈಯನ್ನು ಕಟ್ಟಲೂಬಹುದು, ಕೆಡಿಸಲೂಬಹುದು. ಎಷ್ಟು ಸಲ, ಯಾವ ಭಂಗಿಯಲ್ಲಿ, ನಡುವೆ ಎಷ್ಟು ಬಿಡುವು ಕೊಟ್ಟು ಮಾಡುತ್ತೇವೆ ಎಂಬುದರ ಮೇಲೆ ಅದು ನಿಂತಿದೆ. ಲೈನ್‌ನಲ್ಲಿ ಕೈಯೆತ್ತಿ, ಕತ್ತು ಮೇಲೆ ಮಾಡಿ ಬೋಲ್ಟ್ ಬಿಗಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2003ರಲ್ಲಿ ಅವರು ವೃತ್ತಿಪರ ಆಟಗಾರರಾದರು. ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಎತ್ತರದ ರ್‍ಯಾಂಕ್ 213, ಅದು 2007ರಲ್ಲಿ. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ಎದುರಿನ ಡೇವಿಸ್ ಕಪ್ ಪಂದ್ಯ. ಭಾರತ 0-2ರಿಂದ ಹಿಂದಿದ್ದು 2-2ಕ್ಕೆ ಬಂದಿತ್ತು. ನಿರ್ಣಾಯಕ ಐದನೆಯ ಪಂದ್ಯದಲ್ಲಿ ರಿಕಾರ್ಡೊ ಮೆಲೊ ಅವರನ್ನು ಸೋಲಿಸಿದ್ದು ಇದೇ ಬೋಪಣ್ಣ. ಸಿಂಗಲ್ಸ್ ಆಡಲು ಬಾರದೆ ಡಬಲ್ಸ್‌ಗೆ ಹೋದವರೆಂದು ಯಾರೂ ಅನ್ನಲಾಗದು. ಆದರೂ ಡಬಲ್ಸ್ ಅನ್ನು ಆರಿಸಿಕೊಂಡರು. ಅದೇ ವರ್ಷ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್ ತಲುಪಿದಾಗ ಎರಡೂ ದೇಶಗಳ ವಿಶ್ವಸಂಸ್ಥೆಯ ರಾಯಭಾರಿಗಳು ಗ್ಯಾಲರಿಯಲ್ಲಿ ಕೂತು ನೋಡಿದರು. ಬ್ರಯಾನ್ ಸೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಕೈತಪ್ಪಿದವು.

ಈ ಆಯ್ಕೆಯ ಒಳಗುಟ್ಟನ್ನು ಅಳತೆಯಲ್ಲಿ ಹೇಳಬಹುದು. ಸಿಂಗಲ್ಸ್ ಅಂಗಳದ ಅಗಲ 27 ಅಡಿ, ಕಾಯುವವನು ಒಬ್ಬ. ಡಬಲ್ಸ್ ಅಂಗಳ 36 ಅಡಿ, ಕಾಯುವವರು ಇಬ್ಬರು; ತಲೆಗೆ ಹದಿನೆಂಟು ಅಡಿ. ಟೂರ್ ಪಂದ್ಯಗಳಲ್ಲಿ ಡ್ಯೂಸ್ ಬಂದರೆ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ, ಮೂರನೆಯ ಸೆಟ್‌ನ ಬದಲು ಹತ್ತು ಪಾಯಿಂಟ್‌ನ ಟೈಬ್ರೇಕ್ ಇರುತ್ತದೆ. ಓಟ ಕಡಿಮೆ, ಸರ್ವ್, ನೆಟ್ ಬಳಿಯ ಚುರುಕು, ಎದುರಾಳಿ ಮುಂದೇನು ಮಾಡುತ್ತಾನೆಂಬ ಅಂದಾಜು ಹೆಚ್ಚು. ಅಂದರೆ ವರ್ಷಗಳ ಅನುಭವಕ್ಕೆ ಬೆಲೆ ಬರುವಂತೆ, ಮಂಡಿಯ ಮೇಲಿನ ಭಾರ ತಗ್ಗುವಂತೆ ಕೆಲಸದ ವಿನ್ಯಾಸವೇ ಬೇರೆ. ನಮ್ಮ ಕಾರ್ಖಾನೆಗಳಲ್ಲಿ ಅನುಭವಿಗೆ ಇಂಥ ಡಬಲ್ಸ್ ಅಂಗಳ ಎಲ್ಲಿದೆ? ಇಪ್ಪತ್ತೈದು ವರ್ಷ ಯಂತ್ರದ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲವನನ್ನು, ಇಪ್ಪತ್ತೆರಡರ ಹುಡುಗನ ವೇಗದಲ್ಲೇ ಅದೇ ಸ್ಟೇಷನ್‌ನಲ್ಲಿ ನಿಲ್ಲಿಸುವುದು ಅನುಭವವನ್ನು ಹಾಳುಮಾಡುವ ದಾರಿ. ತರಬೇತಿ, ಗುಣಮಟ್ಟ ಪರೀಕ್ಷೆ, ನಿರ್ವಹಣೆ, ಹೊಸಬರ ಜೊತೆಗಾರಿಕೆ, ಇವುಗಳಲ್ಲಿ ಯಾವುದು ಅವನಿಗೆ ಹೊಂದುತ್ತದೆ ಎಂದು ನಲವತ್ತಕ್ಕೇ ಕೂತು ಮಾತಾಡಬೇಕು. ಐವತ್ತೈದಕ್ಕೆ ಮಂಡಿ ಪೂರಾ ಕೆಟ್ಟ ಮೇಲೆ ಮಾಡುವ ವರ್ಗಾವಣೆ ಶಿಕ್ಷೆಯ ಹಾಗೆ ಕಾಣುತ್ತದೆ.

ಇನ್ನು ಮಂಡಿಯ ಮಾತು. ಕೊರೊನಾ ಕಾಲದಲ್ಲಿ ಟೂರ್ ನಿಂತಾಗ ಬೋಪಣ್ಣ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗಕ್ಕೆ ಸೇರಿದರು. ವಾರಕ್ಕೆ ನಾಲ್ಕು ದಿನ, ಒಂದೊಂದು ಸಲ ಒಂದೂವರೆ ಗಂಟೆ. ಈ ಪದ್ಧತಿಯ ಮೂಲಪುರುಷ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಪಕ್ಕದ ನರಸಾಪುರ ಇವತ್ತು ಬಿಡದಿಯಂತೆಯೇ ಕೈಗಾರಿಕಾ ಪ್ರದೇಶ. ಬಾಲ್ಯದಲ್ಲಿ ಕಾಯಿಲೆಯಿಂದ ಬಡಕಲಾಗಿದ್ದ ಅಯ್ಯಂಗಾರರು ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆನಿಂತು, ಕೆಲಸಕ್ಕೆ ಬಾರದಂತಾದ ಮೈಗೂ ಒಗ್ಗುವ ಯೋಗವನ್ನು ರೂಪಿಸಿದರು. ಅಲ್ಲಿ ಹಗ್ಗ, ಬೆಲ್ಟ್, ಮರದ ಇಟ್ಟಿಗೆ, ಕುರ್ಚಿ, ಗೋಡೆ ಎಲ್ಲವೂ ಬಳಕೆಗೆ ಬರುತ್ತವೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಇಟ್ಟಿಗೆ ಹಿಡಿದು, ಮಂಡಿಚಿಪ್ಪನ್ನು ಮೇಲಕ್ಕೆ ಎಳೆದುಕೊಳ್ಳುವುದನ್ನೇ ನಿಮಿಷಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಮಾಡುವವರ ತೊಡೆ ನಡುಗುತ್ತಿರುತ್ತದೆ. ಸವೆದ ಮೃದ್ವಸ್ಥಿ ಹಿಂದಿರುಗಿ ಬರುವುದಿಲ್ಲ. ಸುತ್ತಲಿನ ಸ್ನಾಯು ಗಟ್ಟಿಯಾದರೆ ಕೀಲಿನ ಹೊರೆ ಹಂಚಿಹೋಗುತ್ತದೆ. ಬೋಪಣ್ಣ ನೋವಿನ ಮಾತ್ರೆ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೈ ಸುಧಾರಿಸಿತೆಂದು ಗೆಲುವು ಮರುದಿನವೇ ಬರಲಿಲ್ಲ. 2021ರಲ್ಲಿ ತಿಂಗಳುಗಟ್ಟಲೆ ಸೋಲು. ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ, ಆಟ ಬಿಟ್ಟುಬಿಡುತ್ತೇನೆಂದು ಹೆಂಡತಿಗೆ ವೀಡಿಯೊ ಸಂದೇಶ ಕಳಿಸಿದ್ದನ್ನು ಮುಂದೆ ಮೆಲ್ಬೋರ್ನ್‌ನಲ್ಲಿ ಪ್ರಶಸ್ತಿ ಹಿಡಿದು ನಿಂತಾಗ ಹೇಳಿಕೊಂಡರು. ದೇಹದ ಮೇಲೆ ಮಾಡಿದ ಖರ್ಚಿನ ಫಲ ಮೂರು ತಿಂಗಳ ವರದಿಯಲ್ಲಿ ಕಾಣುವುದಿಲ್ಲ. ಫಿಸಿಯೋ ಕೊಠಡಿ ತೆರೆದ ಆರೇ ತಿಂಗಳಿಗೆ ಉಪಯೋಗ ಕಾಣಲಿಲ್ಲವೆಂದು ಮುಚ್ಚುವ ಮುನ್ನ ಆಡಳಿತ ವರ್ಗದವರು ಆ ಐದು ತಿಂಗಳನ್ನು ನೆನೆಯಬೇಕೆಂದು ನನ್ನ ಕಳಕಳಿಯ ಬೇಡಿಕೆ.

2022ರಿಂದ ಗಾಳಿ ತಿರುಗಿತು. ಇಲ್ಲಿಂದ ಮುಂದೆ ಅವರ ಕಥೆಯಲ್ಲಿ ಡಚ್ ಆಟಗಾರರು ಮತ್ತೆ ಮತ್ತೆ ಬರುತ್ತಾರೆ. ನೆದರ್ಲೆಂಡ್ಸ್‌ನ ಮಾಟ್ವೆ ಮಿಡಲ್‌ಕೂಪ್ ಜೊತೆ ಫ್ರೆಂಚ್ ಓಪನ್ ಸೆಮಿಫೈನಲ್ ತಲುಪಿದರು. ಏಳು ವರ್ಷದ ಮೇಲೆ ಪುರುಷರ ಡಬಲ್ಸ್‌ನಲ್ಲಿ ಸಿಕ್ಕ ಗ್ರ್ಯಾಂಡ್‌ಸ್ಲಾಮ್ ಸೆಮಿಫೈನಲ್ ಅದು. ಅಲ್ಲಿ ಅವರನ್ನು ಕೊನೆಯ ಟೈಬ್ರೇಕ್‌ನಲ್ಲಿ 10-8ರಿಂದ ಸೋಲಿಸಿದ ಜೋಡಿಯಲ್ಲೂ ಒಬ್ಬ ಡಚ್ಚರಿದ್ದರು: ಜೀನ್ ಜೂಲಿಯನ್ ರೋಯರ್. ರೋಯರ್ ನಲವತ್ತನೇ ವಯಸ್ಸಿನಲ್ಲಿ ಆ ಪ್ರಶಸ್ತಿ ಗೆದ್ದು, ಓಪನ್ ಯುಗದಲ್ಲಿ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದ ಅತಿ ಹಿರಿಯರಾದರು. ಆ ದಾಖಲೆಯನ್ನು 2024ರ ಜನವರಿಯಲ್ಲಿ ಮುರಿದವರು ಬೋಪಣ್ಣ. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, 43ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ನಂಬರ್ ಒನ್ ಆದರು. ಎಬ್ಡೆನ್ ಚೆಂಡನ್ನು ಚುರುಕಾಗಿ ಮರಳಿಸುವವರು, ಬೋಪಣ್ಣ ಸರ್ವ್‌ನ ಬಲದವರು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಜೋಡಿ.

ಮೂರನೆಯ ಡಚ್ಚ ವೆಸ್ಲಿ ಕೂಲ್‌ಹೋಫ್. 2023ರ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ ಬೋಪಣ್ಣ ಜೋಡಿ ಕೂಲ್‌ಹೋಫ್ ಮತ್ತು ಬ್ರಿಟನ್ನಿನ ನೀಲ್ ಸ್ಕುಪ್ಸ್ಕಿ ಅವರನ್ನು ಸೋಲಿಸಿತು. ಜುಲೈನಲ್ಲಿ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಅವರು ಇವರನ್ನು ಸೋಲಿಸಿ ಪ್ರಶಸ್ತಿಯನ್ನೂ ಗೆದ್ದರು. ಕೂಲ್‌ಹೋಫ್ ಕೂಡ ನಂಬರ್ ಒನ್ ಆಗಿದ್ದವರು. ಆದರೆ 2024ರ ಕೊನೆಗೆ, 35ನೇ ವಯಸ್ಸಿಗೇ ಆಟ ನಿಲ್ಲಿಸಿದರು. ಸೋತು ಸುಣ್ಣವಾಗಿ ಹೋದದ್ದಲ್ಲ. ಕೊನೆಯ ದಿನಗಳಲ್ಲೇ ಮಲಗಾದಲ್ಲಿ ಡೇವಿಸ್ ಕಪ್ ಕ್ವಾರ್ಟರ್‌ಫೈನಲ್. ರಫೆಲ್ ನಡಾಲ್ ಅವರ ವಿದಾಯಕ್ಕೆಂದು ಕಿಕ್ಕಿರಿದ ಸ್ಪೇನ್ ಪ್ರೇಕ್ಷಕರ ಮುಂದೆ ಕೂಲ್‌ಹೋಫ್ ಮತ್ತು ಫಾನ್ ಡೆ ಝಾಂಡ್‌ಸ್ಕುಲ್ಪ್, ಕಾರ್ಲೊಸ್ ಅಲ್ಕರಾಜ್ ಇದ್ದ ಜೋಡಿಯನ್ನು ಎರಡು ಟೈಬ್ರೇಕ್‌ಗಳಲ್ಲಿ ಸೋಲಿಸಿದರು. ನೆದರ್ಲೆಂಡ್ಸ್ ಫೈನಲ್‌ವರೆಗೂ ಹೋಯಿತು.

ಒಬ್ಬರು 35ಕ್ಕೆ, ಇನ್ನೊಬ್ಬರು 45ಕ್ಕೆ. ನನ್ನ ಮಟ್ಟಿಗೆ ಎರಡೂ ಒಳ್ಳೆಯ ನಿವೃತ್ತಿಗಳೇ, ಏಕೆಂದರೆ ಎರಡನ್ನೂ ತೀರ್ಮಾನಿಸಿದ್ದು ದುಡಿದವರು. ನಮ್ಮ ಕಾರ್ಮಿಕನ ನಿವೃತ್ತಿಯನ್ನು ಎಷ್ಟೋ ಸಲ ಅವನ ಮಂಡಿ, ಅವನ ಸೊಂಟ ತೀರ್ಮಾನಿಸಿಬಿಡುತ್ತದೆ. ವಯಸ್ಸಿಗೆ ಮುಂಚೆ ಸ್ವಯಂ ನಿವೃತ್ತಿ ಪತ್ರಕ್ಕೆ ಸಹಿ ಹಾಕಿದವನನ್ನು ಕಾರಣ ಕೇಳಿ. ಬಹಳ ಸಲ ಅದು ಸ್ವಯಂ ಆಗಿರುವುದಿಲ್ಲ.

ಆದ್ದರಿಂದ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬೋಪಣ್ಣನವರ ಚಿತ್ರವನ್ನು ಕ್ಯಾಂಟೀನ್ ಗೋಡೆಗೆ ಅಂಟಿಸಿ, ‘ಅವರಿಂದಾದರೆ ನಿಮ್ಮಿಂದೇಕೆ ಆಗದು’ ಎಂದು ಕೆಳಗೆ ಬರೆಯಬೇಡಿ. ಅವರ ಜೊತೆ ಕೋಚ್ ಇದ್ದರು, ಫಿಸಿಯೋ ಇದ್ದರು. ಯಾವ ವಾರ ಆಡಬೇಕು, ಯಾವ ವಾರ ಬಿಡಬೇಕು ಎಂಬುದು ಅವರ ಕೈಯಲ್ಲಿತ್ತು. ಮೂರು ಶಿಫ್ಟ್‌ನಲ್ಲಿ ದುಡಿದು ಬಸ್ಸಿನಲ್ಲಿ ಊರಿಗೆ ಹೋಗುವವನಿಗೆ ಛಲದ ಪಾಠ ಬೇಕಿಲ್ಲ. ಅದು ಅವನಲ್ಲಿ ಸಾಕಷ್ಟಿದೆ. ಅವನಿಗೆ ಬೇಕಿರುವುದು ಆ ಫಿಸಿಯೋ, ಆ ಬಿಡುವು. ಇಎಸ್‌ಐ ಇದೆಯಲ್ಲ ಎನ್ನಬಹುದು. ಅದಕ್ಕೆ 2017ರಲ್ಲಿ ನಿಗದಿಯಾದ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ಸೇವೆ ಹೆಚ್ಚಿ ಸಂಬಳ ಏರಿದವನು, ಅಂದರೆ ಮಂಡಿ ಸವೆಯುವ ವಯಸ್ಸಿಗೆ ಬಂದವನೇ, ಆ ಮಿತಿ ದಾಟಿ ಹೊರಗುಳಿಯುವ ಸಂಭವ ಹೆಚ್ಚು. ಗುತ್ತಿಗೆ ಕಾರ್ಮಿಕರ ಪಾಡು, ರಾಮನಗರದಲ್ಲಿ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆ ಬಿಚ್ಚುವವರ ಪಾಡು, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಪಾಡು ಇನ್ನೂ ಬೇರೆ. ಅವರ ಬಗ್ಗೆ ಮಧ್ಯಾಹ್ನದ ಗೋಷ್ಠಿಯಲ್ಲಿ ಅವರ ಬಾಯಿಂದಲೇ ಕೇಳುವುದು ಒಳ್ಳೆಯದು.

ಈಗ ಆ ಉಚಿತ ತಪಾಸಣೆಗೆ ಬರೋಣ. ತಪಾಸಣೆ ಎಂದೊಡನೆ ರಕ್ತದೊತ್ತಡ, ಸಕ್ಕರೆ, ಎದೆಯ ಎಕ್ಸ್‌ರೇ ನಮ್ಮ ಕಣ್ಣಮುಂದೆ ಬರುತ್ತವೆ. ಅವೆಲ್ಲ ಬೇಕು. ಜೊತೆಗೆ ಕುಕ್ಕರಗಾಲಿನಲ್ಲಿ ಕೂತು ಕೈಯೂರದೆ ಏಳಲು ಆಗುತ್ತದೆಯೇ, ತೋಳನ್ನು ಕಿವಿಯ ಪಕ್ಕಕ್ಕೆ ಪೂರ್ತಿ ಎತ್ತಲು ಆಗುತ್ತದೆಯೇ, ಒಂಟಿ ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಬಲ್ಲರು, ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ, ವಾರಕ್ಕೆ ಎಷ್ಟು ನೋವಿನ ಮಾತ್ರೆ, ಇಷ್ಟನ್ನು ಕೇಳಿ ಬರೆದುಕೊಳ್ಳಲು ಯಂತ್ರ ಬೇಡ. ಇಲ್ಲಿರುವ ಫಿಸಿಯೋಥೆರಪಿ ವಿದ್ಯಾರ್ಥಿಗಳು ಸಾಕು. ವರ್ಷ ವರ್ಷ ಬರೆದಿಟ್ಟರೆ ಯಾವ ಸ್ಟೇಷನ್‌ನಲ್ಲಿ ನಿಂತವರ ಯಾವ ಕೀಲು ಮೊದಲು ಸೋಲುತ್ತದೆ ಎಂಬುದು ಬಿಡದಿಯದೇ ಲೆಕ್ಕವಾಗಿ ಸಿಗುತ್ತದೆ. ಆ ಬರಹ ಕಾರ್ಮಿಕನ ವಿರುದ್ಧ ಬಳಕೆಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಇವತ್ತೇ ಎತ್ತಬೇಕು. ನೋವಿದೆ ಎಂದರೆ ಕೆಲಸ ಹೋಗುತ್ತದೆಂಬ ಭಯವಿದ್ದರೆ ಯಾರೂ ನಿಜ ಹೇಳುವುದಿಲ್ಲ.

ಸಂಜೆಯ ಹೊತ್ತಿಗೆ ಒಂದು ಪುಟದ ಪ್ರಶ್ನಾವಳಿ ಇಲ್ಲಿ ಸಿದ್ಧವಾಗಬೇಕು ಎಂಬುದು ನನ್ನ ಕೋರಿಕೆ. ಕನ್ನಡದಲ್ಲಿ, ಕಾರ್ಮಿಕರೇ ಓದಿ ತುಂಬುವ ಹಾಗೆ. ಮೊದಲ ಗೋಷ್ಠಿಯ ಅಧ್ಯಕ್ಷರು ಅದರ ಕರಡನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಂಡು, ಈ ವಿಚಾರ ಸಂಕಿರಣವನ್ನು ನಿಮ್ಮ ಚರ್ಚೆಗೆ ಬಿಟ್ಟುಕೊಡುತ್ತಿದ್ದೇನೆ.