ನೆರಳಿನ ಕಾಫಿ ತೋಟಕ್ಕೆ ಗಿಡ್ಡ ತಳಿಯ ಆಯ್ಕೆ



ರಾಗಿಯ ಬೀಜ ಕೆಟ್ಟರೆ ಒಂದು ವರ್ಷದ ನಷ್ಟ. ಕಾಫಿಯ ತಳಿ ತಪ್ಪಿದರೆ ನೆಟ್ಟವನ ಮಗನೂ ಅದನ್ನು ಅನುಭವಿಸಬೇಕಾಗುವುದು. ಆದುದರಿಂದ ಸಸಿಮಡಿ ಮಾಡುವುದಕ್ಕೆ ಮೊದಲೇ ತಳಿಯ ವಿಚಾರವು ತೀರ್ಮಾನವಾಗತಕ್ಕದ್ದು.

ಗಿಡ್ಡ ತಳಿಗಳ ಮೇಲೆ ಅನೇಕರಿಗೆ ಮೋಹವುಂಟು. ಅದಕ್ಕೆ ಕಾರಣವಿಲ್ಲದೆ ಇಲ್ಲ. ಎತ್ತರದ ತಳಿಯನ್ನು 6 ಅಡಿಗೆ 6 ಅಡಿಯಂತೆ ನೆಟ್ಟರೆ ಎಕರೆಗೆ 1,210 ಗಿಡ ಹಿಡಿಯುವುವು. ಗಿಡ್ಡ ತಳಿಯನ್ನು 5 ಅಡಿಗೆ 5 ಅಡಿಯಂತೆ ನೆಟ್ಟರೆ 1,742. ಗೆಣ್ಣುಗಳು ಒತ್ತಾಗಿರುವುದರಿಂದ ಹಣ್ಣು ಕೈಗೆಟುಕುವುದು, ಫಸಲೂ ಬೇಗ ಕೈಸೇರುವುದು. ಆದರೆ ಗಿಡ ಗಿಡ್ಡವಾದ ಮಾತ್ರಕ್ಕೆ ದಟ್ಟ ನೆರಳಿಗೆ ಒಗ್ಗುವುದೆಂದು ಭಾವಿಸುವುದು ತಪ್ಪು. ಕತ್ತಲಲ್ಲಿ ಅದು ಬಡಕಲಾಗಿ ಎದ್ದು, ಎಲೆಯನ್ನು ಬೆಳೆಸುವುದೇ ಹೊರತು ಹೂವನ್ನಲ್ಲ.

ಕಾವೇರಿ ತಳಿಯ ಕಥೆಯನ್ನು ಇಲ್ಲಿ ನೆನೆಯಬೇಕು. ಕಟುರ್ರಾ ಎಂಬ ಗಿಡ್ಡ ಜಾತಿಗೂ ಟಿಮೋರ್ ದ್ವೀಪದ ಸಹಜ ಸಂಕರಕ್ಕೂ ಹುಟ್ಟಿದ ಇದು 1980ರ ದಶಕದಲ್ಲಿ ಬೆಳೆಗಾರರಿಗೆ ದೊರೆಯಿತು. ಮೊದಮೊದಲು ಎಲೆತುಕ್ಕನ್ನು ಚೆನ್ನಾಗಿ ತಡೆಯಿತು; ತುಕ್ಕಿನ ಹೊಸ ಬಗೆಗಳು ತಲೆದೋರಿದ ಮೇಲೆ ಆ ಗುಣವು ಕುಂದಿತು. ಫಸಲಿನ ಭಾರಕ್ಕೆ ತಕ್ಕ ಗೊಬ್ಬರವಿಲ್ಲದಿದ್ದಲ್ಲಿ ರೆಂಬೆಗಳು ತುದಿಯಿಂದ ಒಣಗಿದುವು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯೂ ಗಿಡ್ಡದೇ. ಎಲೆ ದಪ್ಪ, ಕಡುಹಸುರು, ತುಕ್ಕನ್ನು ತಡೆಯುವ ಶಕ್ತಿಯೂ ಮೇಲು. ಆದರೆ ಕಾಂಡಕೊರಕ ಹುಳು ಇದನ್ನೂ ಬಿಡದು.

ಮಗ್ಗೆಯವರು ಗಮನಿಸಬೇಕಾದುದು ಇದನ್ನೇ. ಸಕಲೇಶಪುರದ ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುವುದು, ಬೇಸಗೆಯ ಬಿಸಿಲು ಏರುವುದು. ಗಿಡ್ಡ ಗಿಡಕ್ಕೆ ಬೆಳಕು ಸಾಲದೆಂದು ಅತ್ತಿ, ಬಸರಿ, ಗೋಣಿ ಮರಗಳನ್ನು ಉರುಳಿಸಿದರೆ ಬಿಸಿಲು ನೇರವಾಗಿ ಕಾಂಡಕ್ಕೆ ಬೀಳುವುದು. ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹಾರುವ ದುಂಬಿಗೆ ಅಂತಹ ಕಾಂಡದ ತೊಗಟೆಯ ಬಿರುಕೇ ಮೊಟ್ಟೆಯಿಡಲು ಪ್ರಿಯವಾದ ಸ್ಥಳ. ಮರಗಸಿ ಮಾಡಿ ತೆಳುನೆರಳು ಕೊಡುವುದು ಬೇರೆ, ಮರ ಕಡಿಯುವುದು ಬೇರೆ. ಕೊಡಲಿಯ ಕೆಲಸವು ಒಂದು ದಿನದ್ದು; ಅತ್ತಿಯ ಮರ ಮತ್ತೆ ಆ ಗಾತ್ರಕ್ಕೆ ಬರಲು ಒಂದು ತಲೆಮಾರು ಬೇಕು.

ವರ್ಷವರ್ಷವೂ ಮರಗಸಿಗೆ ಆಳು ದೊರೆಯುವ, ಗೊಬ್ಬರಕ್ಕೆ ಹಣವಿರುವ ತಾಕಿನಲ್ಲಿ ಮಾತ್ರ ಗಿಡ್ಡ ತಳಿಯನ್ನು ನೆಡಬಹುದು. ದಟ್ಟ ನೆರಳಿನ ಹಳೆಯ ತೋಟಕ್ಕೆ ಎತ್ತರದ ಎಸ್. 795ನೇ ಮೇಲು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಪ್ರಯೋಗಶಾಲೆಯು ಎಸ್. 288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ 1940ರ ದಶಕದಲ್ಲಿ ಕೊಟ್ಟದ್ದು ಇದು. ತುಕ್ಕು ಇದಕ್ಕೂ ತಗಲುವುದುಂಟು. ಆದರೂ ಅಲ್ಪಸ್ವಲ್ಪ ಅಲಕ್ಷ್ಯವನ್ನು ಸಹಿಸಿಕೊಂಡು ಬದುಕುವುದು.

ನೆರೆಯ ತೋಟದ ಗಿಡ ಚೆನ್ನಾಗಿದೆಯೆಂದು ಅದರ ಹಣ್ಣನ್ನೇ ಬೀಜಕ್ಕೆ ತರುವ ವಾಡಿಕೆಯನ್ನು ಬಿಡಬೇಕು. ಕಾಫಿ ಮಂಡಲಿಯ ಬೀಜವನ್ನೇ ತರಿಸತಕ್ಕದ್ದು. ಸಸಿಮಡಿಯಲ್ಲಿ ಉದ್ದಗೆಣ್ಣಿನಿಂದ ಮೇಲೇರಿದ ಸಸಿಗಳು ಕಂಡರೆ ಅವು ಎಷ್ಟೇ ಹುಲುಸಾಗಿದ್ದರೂ ತಳಿ ತಪ್ಪಿದುವೆಂದು ತಿಳಿದು, ಗಿಡ್ಡ ತಳಿಯ ತಾಕಿಗೆ ನೆಡದೆ ಕಿತ್ತುಹಾಕಬೇಕು.