ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ

(ಬೆಳ್ಳಿಹಬ್ಬದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಸಂತೋಷದ ದಿನ ಕಾಯಿಲೆ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಊರಿನ ಹಿರಿಯರು, ಮದುವೆ ವಯಸ್ಸಿನ ಮಕ್ಕಳು ಹೀಗೆ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇದೆ. ಹುಟ್ಟುವಾಗ ಮಗು ಚೆನ್ನಾಗಿಯೇ ಇರುತ್ತದೆ. ಕೆಲವು ತಿಂಗಳಾದ ಮೇಲೆ ಬಿಳುಚಿಕೊಳ್ಳುತ್ತದೆ, ಸರಿಯಾಗಿ ಹಾಲು ಕುಡಿಯುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು. ಇಂಥ ಮಗು ಹುಟ್ಟಿದರೆ, "ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ, ಸೊಸೆ ಕಡೆಯಿಂದ ಬಂತು" ಅನ್ನುತ್ತಾರೆ. ಈ ಮಾತು ತಪ್ಪು.

ನಮ್ಮ ಒಂದೊಂದು ಗುಣಕ್ಕೂ ಸಾಮಾನ್ಯವಾಗಿ ಎರಡು ವಂಶವಾಹಿಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು. ಸಾಲಕ್ಕೆ ಇಬ್ಬರು ಜಾಮೀನು ಇದ್ದ ಹಾಗೆ. ಒಬ್ಬ ಕೈಕೊಟ್ಟರೂ ಇನ್ನೊಬ್ಬ ನಿಭಾಯಿಸುತ್ತಾನೆ. ಒಂದು ವಂಶವಾಹಿ ಮಾತ್ರ ಕೆಟ್ಟಿದ್ದರೆ ಆ ಮನುಷ್ಯ ಆರೋಗ್ಯವಾಗಿಯೇ ಇರುತ್ತಾನೆ. ಅಂಥವರಿಗೆ ವಾಹಕರು ಎನ್ನುತ್ತಾರೆ. ಹೀಗೆ ತಲೆಮಾರುಗಟ್ಟಲೆ ಯಾರ ಕಣ್ಣಿಗೂ ಬೀಳದೆ ದೋಷ ಇಳಿದು ಬರುತ್ತದೆ. ಮಗುವಿಗೆ ಕಾಯಿಲೆ ಬರಬೇಕಾದರೆ ಇಬ್ಬರಿಂದಲೂ ಕೆಟ್ಟದ್ದೇ ಸಿಗಬೇಕು. ಹಾಗಿರುವಾಗ ಸೊಸೆಯೊಬ್ಬಳನ್ನೇ ದೂರುವುದು ಯಾವ ನ್ಯಾಯ?

ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಆಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕ ಮಗು ಆಗುವ ಸಂಭವ ಎರಡು, ದೋಷವಿಲ್ಲದ್ದು ಒಂದು. ಮೊದಲನೆಯದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ ಅಂತ ತಿಳಿಯಬೇಡಿ. ಪ್ರತಿ ಸಲವೂ ಲೆಕ್ಕ ಹೊಸದು.

ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ವಾಡಿಕೆ ಇದೆ. ಜಮೀನು ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗಿರಲಿ ಎಂಬ ಆಸೆ. ಆದರೆ ಸೋದರಮಾವ, ಸೊಸೆ ಇಬ್ಬರಲ್ಲಿ ವಂಶವಾಹಿಗಳ ಕಾಲು ಭಾಗ ಒಂದೇ. ಅತ್ತೆ ಮಾವನ ಮಕ್ಕಳಲ್ಲಿ ಎಂಟನೆಯ ಒಂದು ಭಾಗ. ಒಬ್ಬರಲ್ಲಿರುವ ದೋಷ ಇನ್ನೊಬ್ಬರಲ್ಲೂ ಇರುವ ಸಂಭವ ಹೆಚ್ಚು. ಇಂಥ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ನಿಜ. ಹೊರಗಿನ ಸಂಬಂಧದಲ್ಲೂ ಇಬ್ಬರು ವಾಹಕರು ಸೇರಬಹುದು, ಅದೂ ನಿಜ. ಆದ್ದರಿಂದ ಎಲ್ಲರಿಗೂ ಪರೀಕ್ಷೆ ಒಳ್ಳೆಯದು.

ಹೀಮೋಗ್ಲೋಬಿನ್ ಎ2 ಎಂಬ ರಕ್ತಪರೀಕ್ಷೆಯಿಂದ ಸಾಮಾನ್ಯವಾಗಿ ವಾಹಕರು ಗೊತ್ತಾಗುತ್ತಾರೆ. ಎಲ್ಲಿ ಮಾಡುತ್ತಾರೆಂದು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿ. ವಾಹಕ ಎಂದಾಕ್ಷಣ ಮದುವೆ ನಿಲ್ಲಬೇಕಿಲ್ಲ. ಸಂಗಾತಿ ವಾಹಕರಲ್ಲದಿದ್ದರೆ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಈಗಾಗಲೇ ಮದುವೆಯಾದವರಲ್ಲಿ ಇಬ್ಬರೂ ವಾಹಕರಾದರೆ, ಬಸಿರಿನ ಮೂರನೇ ತಿಂಗಳಲ್ಲೇ ಮಗುವಿನ ಪರೀಕ್ಷೆ ಮಾಡಿಸಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು.

ಜಾತಕ ನೋಡುವವರು ನೋಡಿ, ಬೇಡ ಅನ್ನೋದಿಲ್ಲ. ಅದರ ಜೊತೆಗೆ ರಕ್ತದ ರಿಪೋರ್ಟನ್ನೂ ನೋಡಿ.